ಮೊಮ್ಮಗಳ ನಾಟಕದ ವಿಡಿಯೋ ಯಾಕೆ ಬರಲಿಲ್ಲ?

ನನ್ನ ಮಾವನವರು ಸಾಲಿಗ್ರಾಮದವರು. ಯಕ್ಷಗಾನದ ಆಟ ಎಂದರೆ ಬೆಳಗಾಗುವವರೆಗೆ ಕಣ್ಣು ಮುಚ್ಚದೆ ಕೂರುವ ಜೀವ. ಮೊಮ್ಮಗಳು ಅಮೆರಿಕದಲ್ಲಿ ಬಣ್ಣ ಹಚ್ಚಿದಳು ಎಂದು ಅವರು ಪೇಟೆಗೆಲ್ಲ ಹೇಳಿಕೊಂಡು ಬಂದಿದ್ದರು. ಆದರೆ ಅವರ ವಾಟ್ಸ್‌ಆ್ಯಪ್‌ಗೆ ಹೋದದ್ದು ನಾಲ್ಕಾರು ಫೋಟೊ ಮಾತ್ರ. ಅದೂ ನಾಟಕ ಮುಗಿದ ಮೇಲೆ ಸಭಾಂಗಣದ ಹೊರಗೆ ಹೂವು ಹಿಡಿದು ನಿಂತವು. ಇಡೀ ನಾಟಕದ ವಿಡಿಯೋ ಕಳುಹಿಸುವುದಕ್ಕೆ ನಿಮಗೇನು ಕಷ್ಟ ಎಂದು ಅವರು ಕೇಳಿದರು. ಅವರಂತೆಯೇ ಕೇಳುವ ಅತ್ತಿಗೆ, ನಾದಿನಿ, ಚಿಕ್ಕಮ್ಮಂದಿರು ಹಲವರಿದ್ದಾರೆ. ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆಯುತ್ತಿದ್ದೇನೆ.

ನಾಟಕದ ಹೆಸರು ‘ಆ್ಯನಿ’. 1933ರ ನ್ಯೂಯಾರ್ಕ್, ಆರ್ಥಿಕ ಮಹಾಕುಸಿತದ ಕಾಲ, ಅನಾಥಾಲಯದಲ್ಲಿ ಬೆಳೆಯುವ ಹನ್ನೊಂದು ವರ್ಷದ ಹುಡುಗಿ. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ನೆಲೆಯಾದ ಬ್ರಾಡ್‌ವೇಗೆ ಇದು ಬಂದದ್ದು 1977ರಲ್ಲಿ. ಇಂಥ ಸಂಗೀತ ನಾಟಕವನ್ನು ಯಾರು ಬೇಕಾದರೂ ಎತ್ತಿಕೊಂಡು ಆಡುವಂತಿಲ್ಲ. ಹಕ್ಕುಗಳನ್ನು ನೋಡಿಕೊಳ್ಳುವ ಸಂಸ್ಥೆಗಳಿವೆ. ಈ ನಾಟಕದ್ದು ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್ ಕೈಯಲ್ಲಿದೆ. 1952ರಲ್ಲಿ ಫ್ರಾಂಕ್ ಲೆಸ್ಸರ್ ಮತ್ತು ಡಾನ್ ವಾಕರ್ ಎಂಬ ಇಬ್ಬರು ಸಂಗೀತಗಾರರು ಕಟ್ಟಿದ ಸಂಸ್ಥೆ ಅದು. ಸಭಾಂಗಣದಲ್ಲಿ ಎಷ್ಟು ಆಸನ, ಟಿಕೆಟ್ ಎಷ್ಟು, ಎಷ್ಟು ಪ್ರದರ್ಶನ ಎಂಬುದನ್ನೆಲ್ಲ ನೋಡಿ ಅವರು ಶುಲ್ಕ ನಿಗದಿ ಮಾಡುತ್ತಾರೆ. ಆ ಹಣ ಕೊಟ್ಟರೆ ದೊರೆಯುವುದು ರಂಗದ ಮೇಲೆ ಆಡುವ ಹಕ್ಕು. ಚಿತ್ರೀಕರಿಸುವ ಹಕ್ಕು ಬೇರೆಯೇ. ಕೆಲವು ನಾಟಕಗಳಿಗೆ ಪ್ರತ್ಯೇಕ ಹಣ ಕೊಟ್ಟು ಅದನ್ನೂ ಪಡೆಯಬಹುದು, ಎಲ್ಲಕ್ಕೂ ಸಿಗುವುದಿಲ್ಲ. ಮಗಳು ಆಡಿದ ನಮ್ಮೂರಿನ ತಂಡ ಪಡೆದಿರಲಿಲ್ಲ. ಪರದೆ ಏಳುವ ಮೊದಲು ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಡುತ್ತಾರೆ. ಆಮೇಲೂ ಯಾರಾದರೂ ಮೊಬೈಲ್ ಎತ್ತಿದರೆ, ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದ ಅಜ್ಜಿಯೊಬ್ಬರು ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಅವರು ಬೈಯುವುದಿಲ್ಲ, ಸುಮ್ಮನೆ ನಿಂತಿರುತ್ತಾರೆ. ಅಷ್ಟೇ ಸಾಕು.

ಪರವಾನಗಿಯ ಷರತ್ತು ಇಲ್ಲಿಗೆ ಮುಗಿಯುವುದಿಲ್ಲ. ಒಪ್ಪಿಗೆ ಇಲ್ಲದೆ ಒಂದು ಮಾತು ಬದಲಿಸುವಂತಿಲ್ಲ, ಒಂದು ಹಾಡು ಬಿಡುವಂತಿಲ್ಲ, ಬೇರೊಂದು ಹಾಡು ಸೇರಿಸುವಂತೂ ಇಲ್ಲ. ನಮ್ಮ ಕಂಪನಿ ನಾಟಕಗಳ ಅಭ್ಯಾಸ ಇರುವವರಿಗೆ ಇದು ಉಸಿರುಗಟ್ಟಿಸುವ ಶಿಸ್ತು. ಅಲ್ಲಿ ನಟ ಊರಿಗೊಂದು ಮಾತು ಸೇರಿಸುತ್ತಾನೆ, ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತುಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡುತ್ತದೆ. ಇಲ್ಲಿ ಮಗಳ ಹಾಡು ಮುಗಿದಾಗ ನನಗೂ ಹಾಗೆ ಕೂಗಬೇಕು ಅನ್ನಿಸಿತ್ತು. ಗಂಡ ನನ್ನ ಮೊಣಕೈ ಹಿಡಿದುಕೊಂಡರು.

ನಾವಿರುವುದು ನೆಬ್ರಾಸ್ಕಾ ರಾಜ್ಯದಲ್ಲಿ, ಒಮಾಹಾ ನಗರಕ್ಕೆ ಹೋಗಿಬರುವಷ್ಟು ಹತ್ತಿರದ ಸಣ್ಣ ಊರು. ಸುತ್ತಲೂ ಮೆಕ್ಕೆಜೋಳದ ಹೊಲ, ಚಳಿಗಾಲದಲ್ಲಿ ಹಿಮ. ಇಂಥ ಕಡೆ ಎಂಥ ನಾಟಕ ಎಂದು ಮೂಗು ಮುರಿಯಬೇಡಿ. ಒಮಾಹಾ ಕಮ್ಯುನಿಟಿ ಪ್ಲೇಹೌಸ್ 1924ರಿಂದ ನಡೆಯುತ್ತಿದೆ. ಅದನ್ನು ಕಟ್ಟಿದವರಲ್ಲಿ ಡೋಡಿ ಬ್ರಾಂಡೋ ಎಂಬ ಗೃಹಿಣಿಯೊಬ್ಬರಿದ್ದರು, ಮುಂದೆ ಹಾಲಿವುಡ್ ಆಳಿದ ಮಾರ್ಲನ್ ಬ್ರಾಂಡೋನ ತಾಯಿ. 1925ರಲ್ಲಿ ಅವರು ತಮ್ಮ ಗೆಳತಿಯ ಮಗ, ಇಪ್ಪತ್ತು ವರ್ಷದ ಹೆನ್ರಿ ಫೋಂಡಾನನ್ನು ಎಳೆದು ತಂದು ರಂಗದ ಮೇಲೆ ನಿಲ್ಲಿಸಿದರು. ಅದೇ ಫೋಂಡಾ ದೊಡ್ಡ ನಟನಾದ ಮೇಲೆ, 1955ರಲ್ಲಿ, ಮಗಳು ಜೇನ್ ಜೊತೆ ಊರಿಗೆ ಬಂದು ಹೊಸ ಕಟ್ಟಡದ ನಿಧಿಗಾಗಿ ನಾಟಕವಾಡಿದ. ಈ ಕಥೆಯನ್ನು ಇಲ್ಲಿ ಹಳಬರು ನಿನ್ನೆ ನಡೆದದ್ದೆಂಬಂತೆ ಹೇಳುತ್ತಾರೆ. ಪ್ಲೇಹೌಸ್ ದೊಡ್ಡದು, ನಮ್ಮೂರಿನ ತಂಡ ಅದರ ಮುಂದೆ ಏನೂ ಅಲ್ಲ. ಆದರೆ ನಡೆಯುವ ರೀತಿ ಅದೇ: ಊರಿನವರೇ ಕಲಾವಿದರು, ಊರಿನವರೇ ಬಡಗಿಗಳು, ಟಿಕೆಟ್ ಹರಿಯುವವರೂ ಅವರೇ. ಸಂಬಳ ಇರುವವರು ಬೆರಳೆಣಿಕೆಯಷ್ಟು.

ಆಯ್ಕೆಯ ದಿನ ಮಕ್ಕಳ ಎದೆಗೆ ಒಂದೊಂದು ಸಂಖ್ಯೆ ಅಂಟಿಸುತ್ತಾರೆ. ಹಾಡಿನ ಹದಿನಾರು ಬಾರ್ (ನಮ್ಮ ತಾಳದ ಆವರ್ತದಂಥದ್ದು), ಹೆಚ್ಚೆಂದರೆ ಅರ್ಧ ಮುಕ್ಕಾಲು ನಿಮಿಷ, ಪಿಯಾನೊ ಜೊತೆ ಹಾಡಬೇಕು. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಾಲ್ಕು ಹೆಜ್ಜೆ ಕಲಿಸಿ, ಅಲ್ಲೇ ಕುಣಿಸಿ ನೋಡುತ್ತಾರೆ. ತಂದೆತಾಯಿ ಹೊರಗೆ ಕೂತು ಒಂದು ಅರ್ಜಿ ತುಂಬಬೇಕು: ಮುಂದಿನ ಎರಡು ತಿಂಗಳಲ್ಲಿ ಮಗು ಯಾವ ಯಾವ ಸಂಜೆ ಬರಲಾಗದು? ಈಜು, ಭರತನಾಟ್ಯ, ಗೆಳತಿಯ ಹುಟ್ಟುಹಬ್ಬ, ಎಲ್ಲವನ್ನೂ ಮೊದಲೇ ಬರೆಯಬೇಕು. ಬರೆಯದೆ ತಪ್ಪಿಸಿಕೊಂಡರೆ ನಿರ್ದೇಶಕಿ ಗದರಿಸುವುದಿಲ್ಲ, ಆ ದೃಶ್ಯದಿಂದ ಮಗುವನ್ನು ನಯವಾಗಿ ತೆಗೆದುಬಿಡುತ್ತಾರೆ.

ಪಟ್ಟಿ ಬಂದ ರಾತ್ರಿ ಮಾವನವರ ಫೋನ್. “ವೇಷ ಯಾವುದು?”

ಹೆಸರಿಲ್ಲದ ಅನಾಥ ಹುಡುಗಿ, ಆಮೇಲೆ ಬೀದಿಯಲ್ಲಿ ಪೇಪರ್ ಮಾರುವ ಹುಡುಗ, ಕೊನೆಯಲ್ಲಿ ಶ್ರೀಮಂತನ ಮನೆಯ ಹಬ್ಬದ ಗುಂಪಿನಲ್ಲೊಬ್ಬಳು ಎಂದೆ. ಅವರು ನಿರಾಸೆಗೊಳ್ಳುತ್ತಾರೆ ಎಂದುಕೊಂಡಿದ್ದೆ.

“ಹಾಗಾದರೆ ಕೋಡಂಗಿ, ಬಾಲಗೋಪಾಲ ಅನ್ನು. ಒಳ್ಳೆಯದಾಯಿತು. ಮೇಳಕ್ಕೆ ಸೇರಿದ ಹುಡುಗರಿಗೆ ಮೊದಲು ಕೊಡುವುದು ಅದನ್ನೇ” ಎಂದರು.

ನಿಜ ಹೇಳಬೇಕೆಂದರೆ ಬೇಸರ ಆಗಿದ್ದು ನನಗೆ. ಆ್ಯನಿ ಪಾತ್ರ ಸಿಕ್ಕಿದ ಹುಡುಗಿ ವರ್ಷಗಟ್ಟಲೆ ಖಾಸಗಿಯಾಗಿ ಗಾಯನ ಪಾಠ ಹೇಳಿಸಿಕೊಂಡವಳು. ಇಲ್ಲಿ ಅವಕಾಶ ಎಲ್ಲರಿಗೂ ತೆರೆದಿದೆ ಎನ್ನುತ್ತಾರೆ, ತೆರೆದೂ ಇದೆ. ಆದರೆ ಪಾಠಕ್ಕೆ ಹಣ ಕೊಡಬಲ್ಲ ಮನೆಯ ಮಗು ಒಂದು ಹೆಜ್ಜೆ ಮುಂದೆಯೇ ನಿಂತಿರುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಮುಖ ನೋಡಿ ಇನ್ನೊಬ್ಬ ತಾಯಿ ಸಮಾಧಾನ ಹೇಳಿದರು: ಬ್ರಾಡ್‌ವೇಯಲ್ಲಿ ಮೊದಲ ಆ್ಯನಿಯಾದ ಆಂಡ್ರಿಯಾ ಮೆಕಾರ್ಡಲ್ ಕೂಡ ಕನೆಕ್ಟಿಕಟ್‌ನ ಮೊದಲ ಪ್ರಯೋಗದಲ್ಲಿ ಅನಾಥ ಹುಡುಗಿಯರಲ್ಲೊಬ್ಬಳಾಗಿದ್ದಳು, ನಾಯಕಿಯನ್ನು ಬದಲಿಸಿದಾಗ ಅವಳನ್ನು ಮುಂದಕ್ಕೆ ತಂದರು. ಹುಡುಕಿ ನೋಡಿದೆ, ನಿಜವೇ. ಸಮಾಧಾನವೇನೂ ಆಗಲಿಲ್ಲ. ಮಗಳಿಗೆ ಮಾತ್ರ ಈ ಯಾವ ಚಿಂತೆಯೂ ಇರಲಿಲ್ಲ, ಅವಳಿಗೆ ಒಂದು ತಗಡಿನ ಬಕೆಟ್ ಸಿಕ್ಕಿತ್ತು.

ಆ ಬಕೆಟ್ ಬಗ್ಗೆ ಹೇಳಲೇಬೇಕು. ಅನಾಥಾಲಯದ ಮಕ್ಕಳು ನಡುರಾತ್ರಿ ನೆಲ ತಿಕ್ಕುತ್ತ ತಮ್ಮ ಪಾಡು ಹಾಡಿಕೊಳ್ಳುವ ದೃಶ್ಯವೊಂದಿದೆ. ಬಕೆಟ್ಟನ್ನು ನೆಲಕ್ಕೆ ಕುಟ್ಟುವುದು, ಕುಂಚ ಬೀಸುವುದು, ಉರುಳುವುದು, ಎಲ್ಲವೂ ತಾಳಕ್ಕೆ. ಒಬ್ಬಳು ಅರ್ಧ ತಾಳ ಮುಂದೆ ಕುಟ್ಟಿದರೂ ಸಭಾಂಗಣದ ಕೊನೆಯ ಸಾಲಿಗೆ ಗೊತ್ತಾಗುತ್ತದೆ. ರಂಗದ ಅಂಚಿನಲ್ಲಿ ನೆಲಕ್ಕೆ ಸಂಖ್ಯೆಗಳನ್ನು ಅಂಟಿಸಿರುತ್ತಾರೆ: ನಟ್ಟನಡುವೆ ಸೊನ್ನೆ, ಎರಡೂ ಕಡೆಗೆ ಎರಡು, ನಾಲ್ಕು, ಆರು. ನನ್ನ ಮಗಳ ಜಾಗ ಬಲಗಡೆಯ ಆರು. ಅಲ್ಲಿಂದ ಎಡಗಡೆಯ ನಾಲ್ಕಕ್ಕೆ, ಇನ್ನೊಬ್ಬಳ ಬಕೆಟ್ ಎಡವದೆ, ಹಾಡು ನಿಲ್ಲಿಸದೆ, ಸಭಿಕರಿಗೆ ಬೆನ್ನು ತೋರಿಸದೆ ಬರಬೇಕು. ಮನೆಯಲ್ಲಿ ಉಂಡ ತಟ್ಟೆ ಎತ್ತಿಡಲು ಮೂರು ಸಲ ಹೇಳಿಸಿಕೊಳ್ಳುವವಳು, ಈ ನೆಲ ತಿಕ್ಕುವುದನ್ನು ನಿದ್ದೆಯಲ್ಲೂ ಮಾಡುತ್ತಿದ್ದಳು. ನಾಯಕಿ ಒಬ್ಬಳೇ ನಿಂತು ಹಾಡುವುದಕ್ಕಿಂತ ಇದೇ ಕಷ್ಟ ಎಂದು ನನಗೆ ಅರ್ಥವಾದದ್ದು ತಾಲೀಮು ನೋಡಿದ ಮೇಲೆ. ನಾಯಕಿ ತಪ್ಪಿದರೆ ಅಭಿನಯದಲ್ಲಿ ಮುಚ್ಚಿಹಾಕಬಹುದು. ಗುಂಪಿನಲ್ಲಿ ತಪ್ಪಿದರೆ ಮುಚ್ಚಿಕೊಳ್ಳಲು ಜಾಗವಿಲ್ಲ.

ಮಗುವನ್ನು ಬಿಟ್ಟು ಕಾರು ತಿರುಗಿಸಿಕೊಂಡು ಬರುವ ಹಾಗಿಲ್ಲ. ಪ್ರತಿ ಮನೆಯಿಂದಲೂ ದುಡಿಮೆ ಸಲ್ಲಬೇಕು. ಪೊಲೀಸ್ ದಾಖಲೆ ಪರಿಶೀಲನೆ ಮುಗಿದ ಮೇಲೆ ನನ್ನನ್ನು ತೆರೆಮರೆಯಲ್ಲಿ ಮಕ್ಕಳನ್ನು ಕಾಯುವ ಕೆಲಸಕ್ಕೆ ಹಾಕಿದರು. ದೊಡ್ಡವರು ಯಾರೂ ಒಬ್ಬರೇ ಮಕ್ಕಳ ಜೊತೆ ಇರಬಾರದು, ಯಾವಾಗಲೂ ಇಬ್ಬರಿರಬೇಕು ಎಂಬುದು ಇಲ್ಲಿಯ ಕಟ್ಟುನಿಟ್ಟು. ನಮ್ಮ ಕಡೆಯ ಬೇಸಿಗೆ ಶಿಬಿರಗಳಲ್ಲೂ ಈ ನಿಯಮ ಇದ್ದರೆ ಚೆನ್ನ ಎಂದು ಅನೇಕ ಸಲ ಅನ್ನಿಸಿದೆ. ಗಂಡನಿಗೆ ಸಿಕ್ಕಿದ್ದು ಮರಗೆಲಸ. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಗೆಳೆಯನಿಗೆ ಫೋನ್ ಮಾಡುವ ಮನುಷ್ಯ, ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರ ಕೈಕೆಳಗೆ ಪ್ಲೈವುಡ್ ಕೊಯ್ದು ಅನಾಥಾಲಯದ ಗೋಡೆ ಎಬ್ಬಿಸಿದರು. ಆ ಹಿರಿಯರ ಮಕ್ಕಳು ಈ ರಂಗದ ಮೇಲೆ ಆಡಿ, ದೊಡ್ಡವರಾಗಿ, ಬೇರೆ ರಾಜ್ಯಗಳಿಗೆ ಹೋಗಿ ಎಷ್ಟೋ ಕಾಲವಾಗಿದೆ. ಅವರು ಇಂದಿಗೂ ಶನಿವಾರ ಬೆಳಿಗ್ಗೆ ಗರಗಸ ಹಿಡಿದು ಬರುತ್ತಾರೆ. ಗಂಡನ ಕಚೇರಿಯ ಗೆಳೆಯರಿಗಿಂತ ಈಗ ಅವರೇ ಹೆಚ್ಚು ಆಪ್ತರು. ಹೊರನಾಡಿನಲ್ಲಿ ನಮ್ಮವರಲ್ಲದವರ ಜೊತೆ ಸ್ನೇಹ ಬೆಳೆಯುವುದು ಪಾರ್ಟಿಗಳಲ್ಲಿ ಅಲ್ಲ. ಹೀಗೆ ಒಂದೇ ಹಲಗೆಯ ಎರಡು ತುದಿ ಹಿಡಿದಾಗ.

ಪ್ರದರ್ಶನಕ್ಕೆ ಮುಂಚಿನ ವಾರ ಬೆಳಕು, ಧ್ವನಿ, ರಂಗಸಜ್ಜು ಎಲ್ಲ ಒಟ್ಟಿಗೆ ಕೂಡಿಸುವ ವಾರ. ಊಟ ಅಂದರೆ ದಿನವೂ ಪಿಜ್ಜಾ, ಸಸ್ಯಾಹಾರಿಗಳಾದ ನಮಗೆ ದಿನವೂ ಚೀಸ್ ಪಿಜ್ಜಾ. ಬಾಡಿಗೆಯ ಮೈಕುಗಳು ಮಕ್ಕಳ ಸಂಖ್ಯೆಗಿಂತ ಕಡಿಮೆ. ಹೀಗಾಗಿ ಒಬ್ಬಳು ಒಳಗೆ ಬಂದ ಕೂಡಲೇ ಕೆನ್ನೆಗೆ ಅಂಟಿಸಿದ ವೈದ್ಯಕೀಯ ಟೇಪ್ ಕಿತ್ತು, ಮೈಕನ್ನು ಇನ್ನೊಬ್ಬಳ ಕೆನ್ನೆಗೆ ಅಂಟಿಸಿ, ಸೊಂಟದ ಪಟ್ಟಿ ಬಿಗಿದು ಹೊರಗೆ ತಳ್ಳಬೇಕು. ಅದೂ ಕತ್ತಲಲ್ಲಿ, ಪಿಸುಮಾತಿನಲ್ಲಿ. ಇದನ್ನೆಲ್ಲ ನಡೆಸುತ್ತಿದ್ದವಳು ಹದಿನಾಲ್ಕು ವರ್ಷದ ಹುಡುಗಿ: ಕಪ್ಪು ಬಟ್ಟೆ, ಕಿವಿಗೆ ಹೆಡ್‌ಸೆಟ್, ಕೈಯಲ್ಲಿ ಪಟ್ಟಿ. ಹಿಂದಿನ ವರ್ಷ ಅವಳಿಗೆ ಪಾತ್ರ ಸಿಗಲಿಲ್ಲವಂತೆ, ಈ ವರ್ಷ ಅವಳು ಪಾತ್ರವನ್ನೇ ಕೇಳಲಿಲ್ಲ. ಅವಳು ಬೆರಳೆತ್ತಿದರೆ ನಾನು, ನನ್ನ ವಯಸ್ಸು, ನನ್ನ ಎಂ.ಟೆಕ್. ಪದವಿ ಎಲ್ಲವೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ನಿಂತೆ. ಮಕ್ಕಳನ್ನು ಪ್ರದರ್ಶನಕ್ಕಿಡುವ ಬೊಂಬೆಗಳಂತೆ ಕಾಣದೆ ಕೆಲಸದ ಜನರಂತೆ ಕಾಣುವುದು ಈ ರಂಗಭೂಮಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ವಿಡಿಯೋ ಇದ್ದಿದ್ದರೂ ಈ ಭಾಗ ಅದರಲ್ಲಿ ಬರುತ್ತಿರಲಿಲ್ಲ.

ನಾಯಿ ಇರುವ ನಾಟಕ ಇದು, ನಾಯಿಯ ಮಾತು ಬಿಟ್ಟರೆ ಮಗಳು ಕ್ಷಮಿಸುವುದಿಲ್ಲ. ಮೊದಲ ಪ್ರಯೋಗದ ನಾಯಿಯನ್ನು ಬಿಲ್ ಬರ್ಲೋನಿ ಎಂಬ ಯುವಕ ಪ್ರಾಣಿಗಳ ಆಶ್ರಯಧಾಮದಿಂದ ಏಳು ಡಾಲರಿಗೆ ತಂದು ಪಳಗಿಸಿದ್ದ; ಮುಂದೆ ಅದೇ ಅವನ ಕಸುಬಾಯಿತು. ನಮ್ಮ ನಾಯಿ ಟಿಕೆಟ್ ವಿಭಾಗದ ಹೆಂಗಸಿನದು. ತಾಲೀಮಿನಲ್ಲಿ ಆ್ಯನಿಯ ಜೇಬಿನ ಬಿಸ್ಕತ್ತು ನೆಚ್ಚಿ ಹೇಳಿದಂತೆ ಕೇಳುತ್ತಿತ್ತು. ಶನಿವಾರದ ಮಧ್ಯಾಹ್ನ ಮುಂದಿನ ಸಾಲಿನಲ್ಲಿ ಯಾರೋ ಚಿಪ್ಸ್ ಪೊಟ್ಟಣ ಬಿಚ್ಚಿದರು. ನಾಯಿ ರಂಗದ ಅಂಚಿಗೆ ಹೋಗಿ ಕೂತು, ಹಾಡು ಮುಗಿಯುವವರೆಗೆ ಆ ಪೊಟ್ಟಣದಿಂದ ಕಣ್ಣು ಕೀಳಲಿಲ್ಲ. ಹಾಡುತ್ತಿದ್ದ ಹುಡುಗಿ ತಾನೂ ಮೆಲ್ಲಗೆ ಬಂದು ಅದರ ಪಕ್ಕ ಕೂತು, ಕತ್ತಿನ ಮೇಲೆ ಕೈಯಿಟ್ಟು ಉಳಿದ ಹಾಡು ಹಾಡಿ ಮುಗಿಸಿದಳು. ಗಾಯನ ಪಾಠದಲ್ಲಿ ಇದನ್ನು ಹೇಳಿಕೊಡುವುದಿಲ್ಲ. ನನ್ನ ಹೊಟ್ಟೆಯುರಿ ಅಲ್ಲಿಗೆ ತಣ್ಣಗಾಯಿತು.

ಕೊನೆಯ ಪ್ರದರ್ಶನ ಮುಗಿದ ಒಂದು ಗಂಟೆಯೊಳಗೆ ರಂಗ ಬರಿದು. ಬಣ್ಣ ಅಳಿಸಿಕೊಂಡ ಕಲಾವಿದರೇ ಗೋಡೆ ಕಳಚುತ್ತಾರೆ, ಮೊಳೆ ಆರಿಸುತ್ತಾರೆ. ನಾಯಕಿಗೂ ವಿನಾಯಿತಿ ಇಲ್ಲ. ನಮಗೆ ಕೆಲವರಿಗೆ ರಬ್ಬರ್ ಕೊಟ್ಟು ಕೂರಿಸಿದರು. ನಾಟಕದ ಪುಸ್ತಕಗಳೂ ಬಾಡಿಗೆಯವು. ಪೆನ್ಸಿಲಿನಲ್ಲಿ ಬರೆದ ಗುರುತುಗಳನ್ನೆಲ್ಲ ಅಳಿಸಿ ಹಿಂದಿರುಗಿಸಬೇಕಿತ್ತು. ಒಂದು ಪುಟದಲ್ಲಿ ‘ಇಲ್ಲಿ ಉಸಿರು’ ಎಂದಿತ್ತು, ಇನ್ನೊಂದರಲ್ಲಿ ‘ನಗಬೇಡ’ ಎಂದು ಮೂರು ಗೆರೆ ಎಳೆದಿತ್ತು.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಸಭೆಯಲ್ಲಿ ಬಾಯಿ ಬಿಟ್ಟೆ. ಪ್ರತಿ ವರ್ಷ ಮಕ್ಕಳು ಧ್ವನಿಮುದ್ರಿತ ಚಿತ್ರಗೀತೆಗೆ ಕುಣಿಯುತ್ತಾರೆ, ತುಟಿ ಆಡಿಸುತ್ತಾರೆ. ಒಂದು ಸಲವಾದರೂ ತಮ್ಮ ಗಂಟಲಿನಿಂದ ಹಾಡಿಸೋಣ ಎಂದೆ. ಸ್ವರ ತಪ್ಪಿದರೆ ಮಕ್ಕಳಿಗೆ ಅವಮಾನ ಎಂದರು ಒಬ್ಬರು. ಇಷ್ಟು ತಾಲೀಮಿಗೆ ಯಾರಿಗೆ ಬಿಡುವಿದೆ ಎಂದರು ಇನ್ನೊಬ್ಬರು. ಹಾಡಿ ಕುಣಿಯುವ ನಾಟಕವನ್ನು ನಾವು ಅಮೆರಿಕದವರಿಂದ ಕಲಿಯಬೇಕಾಗಿಲ್ಲ; ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ, ಮುಂದೆ ಅದಕ್ಕೆ ಹೆಸರು ತಂದ ವೀರಣ್ಣನವರು ಅಲ್ಲಿಗೆ ಸೇರಿದಾಗ ಎಳೆಯ ಹುಡುಗ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ, ಮಾವನವರ ಊರಿನದೇ ಮಕ್ಕಳ ಮೇಳ, ಇವೆಲ್ಲ ಮಕ್ಕಳನ್ನು ನಂಬಿಯೇ ನಡೆದವು. ಹೀಗೆಲ್ಲ ವಾದಿಸಿದ್ದಕ್ಕೆ ಹೊಣೆ ನನ್ನ ತಲೆಗೇ ಬಂತು: ನವೆಂಬರಿನಲ್ಲಿ ಅರ್ಧ ಗಂಟೆ, ಹಳೆಯ ರಂಗಗೀತೆಗಳು, ಹಾಡುವುದು ಮಕ್ಕಳೇ. ರಂಗದ ಅಂಚಿಗೆ ಸಂಖ್ಯೆ ಅಂಟಿಸಲು ಗಂಡ ಒಪ್ಪಿದ್ದಾರೆ, ತಬಲಾಕ್ಕೆ ಒಬ್ಬರು ಸಿಕ್ಕಿದ್ದಾರೆ. ಹಾರ್ಮೋನಿಯಂ ನುಡಿಸುವವರು ಒಮಾಹಾದಲ್ಲಾಗಲಿ ಲಿಂಕನ್‌ನಲ್ಲಾಗಲಿ ನಿಮಗೆ ಗೊತ್ತಿದ್ದರೆ ತಿಳಿಸಿ. ಪಕ್ಕದ ಅಯೋವಾ ರಾಜ್ಯದ ಡೆಮಾಯ್ನ್‌ನವರಾದರೂ ಸರಿ, ಕಾರು ಕಳುಹಿಸುತ್ತೇವೆ.