ಹುಳಿಗೆ ಅಪ್ಪ ಯಾರು?

ಪಿಯುಸಿ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕನ್ನಡ ಮಾಧ್ಯಮದಿಂದ ಬಂದವರೆಲ್ಲ ಕಿಟಕಿ ಪಕ್ಕದ ಬೆಂಚಿಗೆ ಗುಂಪಾಗಿ ಸೇರುತ್ತಿದ್ದೆವು. ಹೈಸ್ಕೂಲಿನಲ್ಲಿ ‘ಉತ್ಕರ್ಷಣ’ ಎಂದು ಬರೆದು ಅಂಕ ತೆಗೆದವರಿಗೆ ಇಲ್ಲಿ ‘ಆಕ್ಸಿಡೇಶನ್’ ಎಂದರೆ ಬೇರೆಯೇ ಪಾಠ ಅನ್ನಿಸುತ್ತಿತ್ತು. ಮೇಷ್ಟ್ರು ಅದನ್ನು ಗಮನಿಸಿದ್ದರು. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ‘ಆಮ್ಲಜನಕ’ ಎಂದು ಬರೆದು, “ಆಮ್ಲ ಅಂದ್ರೆ ಹುಳಿ, ಜನಕ ಅಂದ್ರೆ ಅಪ್ಪ. ಇದು ಹುಳಿಗೆ ಅಪ್ಪ ಹೌದೋ ಅಲ್ವೋ, ಇವತ್ತು ನೀವೇ ನೋಡಿ ಹೇಳ್ರಪ್ಪಾ” ಅಂದರು. ಆ ಮಧ್ಯಾಹ್ನದ ಪಾಠ ಈಗಿನ ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಈ ಅನಿಲಕ್ಕೆ ಹೆಸರಿಟ್ಟವನು ಲವಾಸಿಯೇ ಎಂಬ ಫ್ರಾನ್ಸಿನ ರಸಾಯನ ವಿಜ್ಞಾನಿ. ಅನಿಲವನ್ನು ಮೊದಲು ಪಡೆದವನು ಅವನಲ್ಲ. ಸ್ವೀಡನ್ನಿನ ಶೀಲೆ ಅದನ್ನು ಆಗಲೇ ತಯಾರಿಸಿದ್ದ, ಇಂಗ್ಲೆಂಡಿನ ಪ್ರೀಸ್ಟ್ಲಿ 1774ರ ಆಗಸ್ಟ್ 1ರಂದು ಪಾದರಸದ ಕೆಂಪು ಭಸ್ಮದ ಮೇಲೆ ಭೂತಗನ್ನಡಿಯಿಂದ ಬಿಸಿಲು ಹಾಯಿಸಿ ಹೊರಡಿಸಿದ್ದ. ಗಂಧಕ, ರಂಜಕ, ಇದ್ದಿಲು ಈ ಗಾಳಿಯಲ್ಲಿ ಉರಿದಾಗ ಸಿಕ್ಕ ವಸ್ತುಗಳೆಲ್ಲ ನೀರಿನಲ್ಲಿ ಕರಗಿ ಹುಳಿಯಾಗುವುದನ್ನು ಲವಾಸಿಯೇ ಕಂಡ. ಹಾಗಾದರೆ ಎಲ್ಲ ಆಮ್ಲಗಳ ಮೂಲ ಇದೇ ಎಂದು ತೀರ್ಮಾನಿಸಿದ. ಗ್ರೀಕಿನಲ್ಲಿ ‘ಆಕ್ಸಿಸ್’ ಎಂದರೆ ಚೂಪು, ನಾಲಿಗೆಗೆ ಚುರ್ರೆನ್ನುವ ಹುಳಿ. ‘ಜೆನ್’ ಹುಟ್ಟಿಸುವುದನ್ನು ಸೂಚಿಸುವ ಧಾತು. ಎರಡೂ ಸೇರಿ ಬಂದ ‘ಆಕ್ಸಿಜೀನ್’, 1787ರಲ್ಲಿ ಅವನೂ ಗೆಳೆಯರೂ ಹೊರತಂದ ಹೊಸ ರಾಸಾಯನಿಕ ಹೆಸರುಗಳ ಪದ್ಧತಿಯಲ್ಲಿ ನೆಲೆಯಾಯಿತು. ಜರ್ಮನರು ಅದನ್ನೇ ‘ಸೌಯರ್‌ಸ್ಟಾಫ್’, ಅಂದರೆ ಹುಳಿವಸ್ತು, ಎಂದರು. ಬಂಗಾಳಿಯಲ್ಲಿ ‘ಅಮ್ಲಜಾನ್’, ತೆಲುಗಿನಲ್ಲಿ ‘ಆಮ್ಲಜನಿ’, ನಮ್ಮಲ್ಲಿ ‘ಆಮ್ಲಜನಕ’. ಎಲ್ಲ ಕಡೆಯೂ ಲವಾಸಿಯೇಯ ತೀರ್ಮಾನವೇ ಹೆಸರಿನೊಳಗೆ ಕೂತಿದೆ.

ಇನ್ನು ಬೆಂಚಿನ ಮೇಲೆ ಆಮ್ಲಜನಕ ತಯಾರಿಸುವುದಕ್ಕೆ ಬರೋಣ. ನಾಲ್ಕು ಪಾಲು ಪೊಟ್ಯಾಸಿಯಂ ಕ್ಲೋರೇಟಿಗೆ ಒಂದು ಪಾಲು ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಕರಿಪುಡಿ, ತೂಕದಲ್ಲಿ. ಬೆರೆಸುವ ಮುಂಚೆ ಮೇಷ್ಟ್ರು ಆ ಕರಿಪುಡಿಯನ್ನು ಕ್ಲೋರೇಟಿನ ಜೊತೆ ಚಿಟಿಕೆಯಷ್ಟು ಮಾತ್ರ ಬೇರೆ ಪ್ರನಾಳದಲ್ಲಿ ಕಾಯಿಸಿ ನೋಡುತ್ತಿದ್ದರು. ಅದರಲ್ಲಿ ಇದ್ದಿಲ ಪುಡಿ ಬೆರೆತಿದ್ದರೆ ಸಿಡಿಯುತ್ತದೆ. ಈ ಪರೀಕ್ಷೆ ಬಿಟ್ಟು ಯಾರೂ ಮುಂದೆ ಹೋಗಬಾರದು. ಗಟ್ಟಿ ಗಾಜಿನ ಪ್ರನಾಳವನ್ನು ಬಾಯಿ ತುಸು ಕೆಳಗೆ ಬಾಗುವಂತೆ ಸ್ಟ್ಯಾಂಡಿಗೆ ಕಟ್ಟಬೇಕು. ಇಲ್ಲದಿದ್ದರೆ ಪುಡಿಯ ತೇವ ಆವಿಯಾಗಿ, ಬಾಯಿಯ ಬಳಿ ತಣಿದು, ಹಿಂದಕ್ಕೆ ಹರಿದು ಕಾದ ಗಾಜನ್ನು ಸೀಳುತ್ತದೆ. ಪ್ರನಾಳದಿಂದ ಹೊರಟ ನಾಳದ ತುದಿ ತೊಟ್ಟಿಯ ನೀರಿನಲ್ಲಿರಬೇಕು; ಕಾಯಿಸಿದಾಗ ಅಲ್ಲಿ ಏಳುವ ಗುಳ್ಳೆಗಳನ್ನು ನೀರು ತುಂಬಿ ಬೋರಲು ಹಾಕಿದ ಜಾಡಿಯಲ್ಲಿ ಹಿಡಿಯುವುದು. ಮೊದಲ ಗುಳ್ಳೆಗಳು ನಾಳದೊಳಗಿದ್ದ ಬರೀ ಗಾಳಿ, ಅವನ್ನು ಬಿಡಬೇಕು. ಮುಗಿಸುವಾಗ ಮೊದಲು ನಾಳವನ್ನು ನೀರಿನಿಂದ ಎತ್ತಿ, ಆಮೇಲೆ ಬರ್ನರ್ ಆರಿಸಬೇಕು. ಕ್ರಮ ತಪ್ಪಿದರೆ ಒಳಗಿನ ಅನಿಲ ತಣಿದು ಕುಗ್ಗಿ ತೊಟ್ಟಿಯ ನೀರನ್ನು ಎಳೆದುಕೊಳ್ಳುತ್ತದೆ, ಪ್ರನಾಳ ಒಡೆಯುತ್ತದೆ.

4.9 ಗ್ರಾಂ ಕ್ಲೋರೇಟಿನಿಂದ 1.92 ಗ್ರಾಂ ಆಮ್ಲಜನಕ ಬರುತ್ತದೆ. 25 ಡಿಗ್ರಿಯಲ್ಲಿ, ಸಮುದ್ರಮಟ್ಟದಲ್ಲಾದರೆ, ಅದು ಸುಮಾರು 1.5 ಲೀಟರ್. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ; ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ, ಹಾಗಾಗಿ ಅದೇ ಅನಿಲ 1.6 ಲೀಟರ್ ಜಾಗ ಹಿಡಿಯುತ್ತದೆ. ಕಾಲು ಲೀಟರಿನ ಆರು ಜಾಡಿ ತುಂಬುತ್ತದೆ. ಪುಸ್ತಕದ ಲೆಕ್ಕಕ್ಕಿಂತ ಹೆಚ್ಚು ಬಂತಲ್ಲ ಎಂದು ಗಾಬರಿಯಾಗಿ ಅಂಕಿ ತಿದ್ದಿದವರನ್ನು ಮೇಷ್ಟ್ರು ಬಿಡುತ್ತಿರಲಿಲ್ಲ.

ಮೊದಲ ಜಾಡಿಗೆ ದಹನ ಚಮಚದಲ್ಲಿ ಉರಿವ ಗಂಧಕ ಇಳಿಸಿದರೆ ಜ್ವಾಲೆ ಕಡುನೀಲಿಯಾಗಿ ಏಳುತ್ತದೆ. ಸ್ವಲ್ಪ ನೀರು ಹಾಕಿ ಕುಲುಕಿ ನೀಲಿ ಲಿಟ್ಮಸ್ ಅದ್ದಿದರೆ ಕೆಂಪು. ಲವಾಸಿಯೇ ಗೆದ್ದ ಅನ್ನಿಸುತ್ತದೆ. ಎರಡನೆಯ ಜಾಡಿಗೆ ಮೆಗ್ನೀಸಿಯಂ ಪಟ್ಟಿ. ಬೆಳಕನ್ನು ನೇರ ನೋಡಬಾರದು. ಉಳಿದ ಬಿಳಿ ಬೂದಿಗೆ ಎರಡು ಹನಿ ನೀರು ಬಿಟ್ಟು ಕೆಂಪು ಲಿಟ್ಮಸ್ ಒತ್ತಿ ಕಾದರೆ ಅದು ನೀಲಿಯಾಗುತ್ತದೆ. ಅದೇ ಅನಿಲ, ಹುಟ್ಟಿದ್ದು ಪ್ರತ್ಯಾಮ್ಲ! ಬೂದಿ ನೀರಿನಲ್ಲಿ ಕರಗುವುದು ಬಹಳ ಕಡಿಮೆಯಾದ್ದರಿಂದ ಅವಸರ ಮಾಡಿದವರಿಗೆ ಬಣ್ಣ ಕಾಣುವುದಿಲ್ಲ. ಒಣ ಲಿಟ್ಮಸ್ ಎರಡರಲ್ಲೂ ಏನೂ ಹೇಳುವುದಿಲ್ಲ.

ಮೂರನೆಯದು ಶೆಲ್ಫಿನ ಮೇಲಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ. ಹಲ್ಲು ಚುಳ್ಳೆನ್ನಿಸುವ ಆಮ್ಲ, ಒಳಗಿರುವುದು ಜಲಜನಕ ಮತ್ತು ಕ್ಲೋರಿನ್. ಆ ಸಂಯುಕ್ತದಲ್ಲಿ ಆಮ್ಲಜನಕದ ಸುಳಿವೇ ಇಲ್ಲ. ಕ್ಲೋರಿನ್ನಿನಲ್ಲೇ ಆಮ್ಲಜನಕ ಅಡಗಿರಬೇಕೆಂದು ಲವಾಸಿಯೇಯ ಅನುಯಾಯಿಗಳು ನಂಬಿದ್ದರು. ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ವಿದ್ಯುತ್ತಿನಿಂದ ಬೆಳ್ಳಗೆ ಕಾಯಿಸಿದ ಇದ್ದಿಲನ್ನು ಕ್ಲೋರಿನ್ನಿನಲ್ಲಿಟ್ಟು ನೋಡಿದ. ಆಮ್ಲಜನಕ ಇದ್ದಿದ್ದರೆ ಇದ್ದಿಲು ಅದನ್ನು ಕಿತ್ತುಕೊಂಡು ಅದರ ಆಕ್ಸೈಡ್ ಆಗಬೇಕಿತ್ತು. ಆಗಲಿಲ್ಲ. 1810ರಲ್ಲಿ ಅವನು ಕ್ಲೋರಿನ್ ಒಂದು ಮೂಲವಸ್ತು ಎಂದು ಸಾರಿದ. ನಾವು ಪಾಠದಲ್ಲಿ ನೋಡುವ ಆಮ್ಲಗಳಲ್ಲಿ ಹುಳಿಯ ಕೆಲಸ ಜಲಜನಕದ್ದು. ನ್ಯಾಯವಾಗಿ ‘ಆಮ್ಲಜನಕ’ ಎಂಬ ಹೆಸರು ಅದಕ್ಕೆ ಸಲ್ಲಬೇಕಿತ್ತು. ಆದರೆ ಉರಿದರೆ ನೀರು ಹುಟ್ಟಿಸುವ ಅದರ ‘ಜಲಜನಕ’ವೂ ಸರಿಯಾದ ಹೆಸರೇ.

ಮೂರನೆಯ ‘ಜನಕ’ ನನಗೆ ತುಂಬ ಇಷ್ಟ. ನೈಟ್ರೋಜನ್ ಎಂಬ ಹೆಸರು 1790ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಶಾಪ್ತಾಲ್ ಕೊಟ್ಟದ್ದು, ಪೆಟ್ಲುಪ್ಪನ್ನು ಹುಟ್ಟಿಸುವುದು ಎಂಬ ಅರ್ಥದಲ್ಲಿ. ಕನ್ನಡದ ಹೆಸರು ಪೆಟ್ಲುಪ್ಪಿನ ಹಿಂದೆ ಹೋಗಲಿಲ್ಲ. ಮಣ್ಣಿನ ಸಾರ ಎಂದರೇನೆಂದು ಬಲ್ಲ ರೈತನ ಮಗನಿಗೆ ‘ಸಾರಜನಕ’ವನ್ನು ವಿವರಿಸಬೇಕಿಲ್ಲ.

ಇಂಗ್ಲಿಷ್ ಓದುವವನಿಗೆ ಆಕ್ಸಿಜನ್, ಆಕ್ಸೈಡ್, ಆಕ್ಸಿಡೇಶನ್ ಒಂದೇ ಮನೆಯವೆಂದು ನೋಡಿದೊಡನೆ ತಿಳಿಯುತ್ತದೆ. ಕನ್ನಡದಲ್ಲಿ ಆಮ್ಲಜನಕ, ಆಕ್ಸೈಡ್, ಉತ್ಕರ್ಷಣ: ನಂಟೇ ಕಾಣದ ಮೂರು ಪದ. ನಮ್ಮ ಬೆಂಚಿನ ಕಷ್ಟವೆಲ್ಲ ಇಲ್ಲಿತ್ತು. ಆದರೆ ಇದರಲ್ಲೊಂದು ಅನುಕೂಲವೂ ಇದೆ. ಆಕ್ಸಿಡೇಶನ್ ಎಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುವುದು. ಸೋಡಿಯಂ ಕ್ಲೋರಿನ್ನಿನಲ್ಲಿ ಉರಿದು ಉಪ್ಪಾದರೆ ಅದೂ ಆಕ್ಸಿಡೇಶನ್ನೇ, ಆಕ್ಸಿಜನ್ ಮಾತ್ರ ಅಲ್ಲಿಲ್ಲ. ಇಂಗ್ಲಿಷ್ ಪದ ಅಲ್ಲಿ ಮುಗ್ಗರಿಸುತ್ತದೆ. ‘ಉತ್ಕರ್ಷಣ’ ಎಂದರೆ ಮೇಲಕ್ಕೆ ಎಳೆಯುವುದು. ‘ಆಕರ್ಷಣೆ’ಯಲ್ಲಿರುವ ‘ಕರ್ಷಣ’ವೇ ಇದು. ಎಲೆಕ್ಟ್ರಾನ್ ಕಳೆದುಕೊಳ್ಳುವುದು ಮೇಲೇರುವುದು ಹೇಗಾದೀತು ಎಂದು ನಾವು ತಡವರಿಸಿದಾಗ ಮೇಷ್ಟ್ರು ಅಂದರು: “ಎಲೆಕ್ಟ್ರಾನ್ ಋಣ ಕಣಾ. ಸಾಲ ತೀರಿದ್ರೆ ಲೆಕ್ಕ ಮೇಲೇ ಹೋಗಬೇಕಲ್ಲ.” ಸೋಡಿಯಂ ಸೊನ್ನೆಯಿಂದ ಧನ ಒಂದಕ್ಕೆ ಏರಿತು. ಅಂದಿನಿಂದ ನಮ್ಮ ಬೆಂಚಿನವರು ಉತ್ಕರ್ಷಣವನ್ನೂ ಅದಕ್ಕೆ ವಿರುದ್ಧವಾದ ಅಪಕರ್ಷಣವನ್ನೂ ತಿರುಗುಮುರುಗು ಮಾಡಲಿಲ್ಲ.

2021ರ ಮೇ ತಿಂಗಳಲ್ಲಿ ಟಾಟಾನಗರದಿಂದ ದ್ರವ ಆಮ್ಲಜನಕ ಹೊತ್ತ ರೈಲು ವೈಟ್‌ಫೀಲ್ಡಿಗೆ ಬಂದಾಗ ಊರೆಲ್ಲ ‘ಆಕ್ಸಿಜನ್’ ಎನ್ನುತ್ತಿತ್ತು, ‘ಪ್ರಾಣವಾಯು’ ಎಂಬ ಮಾತೂ ಕೇಳಿಬರುತ್ತಿತ್ತು. ಆ ದಿನಗಳ ಸಂಕಟಕ್ಕೆ ಅದು ತಕ್ಕ ಪದವೇ. ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಮೇಷ್ಟ್ರು ಅದನ್ನು ಬರೆಯಲು ಬಿಡುತ್ತಿರಲಿಲ್ಲ. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದರಲ್ಲಿ ಪ್ರಾಣ ಒಂದು. ಆ ಲೆಕ್ಕ ಬೇರೆ, ಜಾಡಿಯಲ್ಲಿ ಹಿಡಿಯುವ ಅನಿಲದ ಲೆಕ್ಕ ಬೇರೆ. ಇನ್ನೊಂದು ಕಾರಣವನ್ನೂ ಕೊಡುತ್ತಿದ್ದರು. ಎಲ್ಲ ಜೀವಿಗೂ ಇದು ಪ್ರಾಣವಲ್ಲ. ತುಕ್ಕು ಮೊಳೆ ಆಳಕ್ಕೆ ಚುಚ್ಚಿ ಬಾಯಿ ಮುಚ್ಚಿಕೊಂಡ ಗಾಯದಲ್ಲಿ ಧನುರ್ವಾಯುವಿನ ರೋಗಾಣು ಬೆಳೆಯುವುದು, ಅಲ್ಲಿ ಆಮ್ಲಜನಕ ತಲುಪದೆ ಇರುವುದರಿಂದಲೇ.