ಬಾಗಿಲ ಬಳಿ ನಾಲ್ಕು ಬೊಂಡ

16 ಜುಲೈ 2025, ಬುಧವಾರ
ಸಂತೆಕಟ್ಟೆ, ಉಡುಪಿ

ಮಳೆಯಲ್ಲಿ ನೆನೆದು ಮನೆಗೆ ಬಂದರೆ ಬಾಗಿಲ ಬಳಿ ನಾಲ್ಕು ಬೊಂಡ, ಅದೇ ಎಳನೀರು. ಹಿಂದಿನ ಮನೆ ಬಾಯಮ್ಮ ಇಟ್ಟು ಹೋಗಿದ್ದಾರೆ. ಮಧ್ಯಾಹ್ನ ಫೋನಲ್ಲೂ ಅದೇ, "ಮಗುವಿಗೆ ಬೊಂಡ ಕುಡಿಸಿ ಮಾರಾಯ್ತಿ, ತಂಪಾಗ್ತದೆ."

ಅಕ್ಕನ ಮಗ ಪುಟ್ಟ ಕಿಡ್ನಿ ತೊಂದರೆಯಾಗಿ ಆಸ್ಪತ್ರೆಯಲ್ಲಿದ್ದಾನೆ, ಈಗ ಅದನ್ನೇ ಕೊಡಬಾರದಂತೆ. ಉಚ್ಚೆ ಕಡಿಮೆ ಇರುವಾಗ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ, ಜಾಸ್ತಿಯಾದರೆ ಹೃದಯಕ್ಕೇ ತೊಂದರೆ. ಬೊಂಡದಲ್ಲಿ ಅದು ಬೇಕಾದಷ್ಟಿದೆ. ಬಾಯಮ್ಮನಿಗೆ ಇದನ್ನು ಹೇಗೆ ಹೇಳುವುದೋ.

ಶನಿವಾರ ಶುರುವಾದ ವಾಂತಿ ಭೇದಿ ಸೋಮವಾರ ನಿಂತಿತ್ತು. ಅಬ್ಬ ಅಂದುಕೊಂಡೆವು. ಉಚ್ಚೆಯೂ ನಿಂತದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ರಾತ್ರಿ ಚಡ್ಡಿ ಒದ್ದೆ ಮಾಡದೆ ಮಲಗಿದ, ಜಾಣ ಅಂತ ಅಕ್ಕ ಪುಟ್ಟನನ್ನು ಹೊಗಳಿದ್ದೂ ಆಯ್ತು. ನಿನ್ನೆ ಬೆಳಿಗ್ಗೆ ಕಣ್ಣಿನ ಸುತ್ತ ಊದಿದಾಗಲೇ ಓಡಿದ್ದು. ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ, 2.3. ಅವನ ವಯಸ್ಸಿಗೆ 0.4 ಆಸುಪಾಸು ಇರಬೇಕಂತೆ.

"ಜ್ವರಕ್ಕೆ ಎಂತ ಕೊಟ್ಟಿದ್ದೀರಿ?" ಡಾಕ್ಟರ್ ಕೇಳಿದರು.

ಕೊಟ್ಟವಳು ನಾನು. ಹೋದ ತಿಂಗಳು ಉಳಿದಿದ್ದ ಐಬುಪ್ರೊಫೆನ್ ಸಿರಪ್. ಎರಡು ದಿನ, ದಿನಕ್ಕೆ ಮೂರು ಸಲ. ಹೇಳಿದೆ.

ಅವರು ಬೈಯಲಿಲ್ಲ. ಮೈಯಲ್ಲಿ ನೀರು ಇಳಿದಾಗ ಕಿಡ್ನಿ ತನ್ನ ರಕ್ತನಾಳ ಅಗಲ ಮಾಡಿಕೊಂಡು ಹೇಗೋ ಸುಧಾರಿಸುತ್ತದಂತೆ. ಈ ಸಿರಪ್ ಅದಕ್ಕೂ ಅಡ್ಡ ಬರುತ್ತದೆ. "ಇಂಥ ಹೊತ್ತಲ್ಲಿ ಪ್ಯಾರಾಸಿಟಮಾಲ್ ಸಾಕಿತ್ತು," ಅಂದರು, ಅಷ್ಟೇ. ಅಕ್ಕ ನನ್ನ ಕಡೆ ನೋಡಲಿಲ್ಲ. ಮಡಚಿಟ್ಟಿದ್ದ ಪುಟ್ಟನ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದಳು.

ಡಯಾಲಿಸಿಸ್ ಬೇಕಾ ಅಂತ ಭಾವ ಕೇಳಿದರು. "ಈಗ ಬೇಡ, ನೋಡುವ." ನೋಡುವ ಅಂದರೆ ಎಷ್ಟು ದಿನ?

ಉಚ್ಚೆ ಅಳೆಯಲು ಸಿಸ್ಟರ್ ಗೆರೆ ಹಾಕಿದ ಪ್ಲಾಸ್ಟಿಕ್ ಮಗ್ ಕೊಟ್ಟಿದ್ದಾರೆ. ಪುಟ್ಟ 14 ಕೆಜಿ. ಗಂಟೆಗೆ 7 ಎಂಎಲ್ ಕೂಡ ಬರದಿದ್ದರೆ ಕಷ್ಟ, 14ರ ಮೇಲೆ ಬಂದರೆ ಸಮಾಧಾನ. ಮಧ್ಯಾಹ್ನದವರೆಗಿನ ಆರು ತಾಸಿನಲ್ಲಿ ಬಂದದ್ದು ಒಟ್ಟು 25 ಎಂಎಲ್, ಕಡು ಚಹಾದ ಬಣ್ಣ. ಸಂಜೆ ಆರಕ್ಕೆ ಒಂದೇ ಸಲ 60! ಭಾವ ಮಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಕರು. ಉಚ್ಚೆ ನೋಡಿ ನಗುವವರನ್ನು ನಾನು ಇವತ್ತೇ ಕಂಡದ್ದು. ಪುಟ್ಟನಿಗೆ ನಾಚಿಕೆ, ಗೋಡೆ ಕಡೆ ತಿರುಗಿಬಿಟ್ಟ.

ಸಿರಪ್ ಬಾಟಲಿ ಇನ್ನೂ ಫ್ರಿಜ್ ಮೇಲೇ ಇದೆ. ಅಳತೆ ಮುಚ್ಚಳ ಅಂಟಂಟು. ನಾನು 5 ಎಂಎಲ್ ಗೆರೆಗೆ ಸರಿಯಾಗಿ ಹೊಯ್ದಿದ್ದೆನಾ, ಅಥವಾ ಆ ರಾತ್ರಿ ಕರೆಂಟ್ ಇಲ್ಲದಾಗ…