ಉಪ್ಪಿಟ್ಟಿಗೆ ಎರಡು ಚಿಕ್ಕ ತ್ಸು

ಕುವೆಂಪುನಗರದಲ್ಲಿ ಭಾನುವಾರ ಬೆಳಿಗ್ಗೆ ನಾನು ಜಪಾನೀಸ್ ಹೇಳಿಕೊಡುವ ಹೊಸಬರ ಬ್ಯಾಚಿಗೆ ಮೊನ್ನೆ ಊಟ-ತಿಂಡಿ ಪಾಠದ ಟೆಸ್ಟ್ ಇತ್ತು. ಮೊದಲು ಆಡಿಯೊ ಕೇಳಿ ಯಾರಿಗೆ ಏನಿಷ್ಟ ಅಂತ ಗುರುತು ಹಾಕಬೇಕು. ಆಮೇಲೆ ತಮ್ಮ ಇಷ್ಟಾನಿಷ್ಟ ಬರೆಯಬೇಕು. ‘ಎನ್5ರಲ್ಲಿ ಬರೆಯೋದೇ ಇಲ್ವಲ್ಲ ಮೇಡಂ’ ಅನ್ನುವ ಗೊಣಗಾಟ ಪ್ರತಿ ಬ್ಯಾಚಿನಲ್ಲೂ ಇದ್ದದ್ದೇ. ಎನ್5 ಅಂದರೆ ಜಪಾನೀಸ್ ಭಾಷಾ ಪರೀಕ್ಷೆಯ ಮೊದಲ ಮೆಟ್ಟಿಲು. ಮಾತು ನಿಜ. ಅಲ್ಲಿ ಒಟ್ಟು 180ಕ್ಕೆ 80 ಬಂದರೆ ಪಾಸು, ಪದ-ವ್ಯಾಕರಣ-ಓದಿನ 120ರಲ್ಲಿ 38, ಕೇಳಿಸಿಕೊಳ್ಳುವ ಭಾಗದ 60ರಲ್ಲಿ 19 ಬರಲೇಬೇಕು, ಅಷ್ಟೇ. ಆದರೆ ಕಿವಿಗೆ ಏನು ಬಿದ್ದಿದೆ ಅನ್ನುವುದು ಕೈಬರಹದಲ್ಲಿ ಸಿಕ್ಕಿಬೀಳುತ್ತದೆ, ಹಾಗಾಗಿ ನಾನು ಬಿಡುವುದಿಲ್ಲ.

ಆಡಿಯೊದಲ್ಲಿ ಒಬ್ಬಾಕೆ ‘ನಿಕು ವಾ ಅಮಾರಿ ಸುಕಿ ಜಾ ನೈ ದೆಸು’ ಅಂದಳು. ಮಾಂಸ ಅಷ್ಟೇನೂ ಇಷ್ಟವಿಲ್ಲ ಅಂತ. ‘ಸುಕಿ’, ಅಂದರೆ ಇಷ್ಟ, ಅಂತ ಕೇಳಿದ್ದೇ ತಡ, ಅರ್ಧ ಕ್ಲಾಸು ಟಿಕ್ ಹಾಕಿ ಪೆನ್ನು ಕೆಳಗಿಟ್ಟಿತ್ತು. ನಮ್ಮಲ್ಲೂ ‘ಇಲ್ಲ’ ಬರುವುದು ಕೊನೆಗೇ ಅಲ್ಲವೇ? ಟೆಸ್ಟ್ ಅಂದ ಕೂಡಲೇ ತಲೆ ಇಂಗ್ಲಿಷಿಗೆ ಓಡಿಬಿಡುತ್ತದೆ.

ಜಗಳ ಎದ್ದದ್ದು ಮುಂದಿನ ಪ್ರಶ್ನೆಗೆ. ಸಶಿಮಿ ಅಂದರೆ ಹಸಿ ಮೀನಿನ ತುಂಡು. ‘ಸಶಿಮಿ ವಾ ಚೊತ್ತೊ...’ ಅಂತ ಎಳೆದು ಆಡಿಯೊದ ಗಂಡಸು ಸುಮ್ಮನಾದ. ಮಂಡ್ಯದಿಂದ ಬಸ್ಸಿನಲ್ಲಿ ಬರುವ ಹುಡುಗ ಅಂಕ ಕೇಳಲು ಎದ್ದು ನಿಂತ.

“ಚೊತ್ತೊ ಅಂದ್ರೆ ಸ್ವಲ್ಪ ತಾನೆ ಮೇಡಂ? ಸ್ವಲ್ಪ ಇಷ್ಟ ಅಂತ ಹಾಕಿವ್ನಿ.”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನ ಗೃಹಿಣಿ ಹೇಳಿದರು: “ನೆಂಟರ ಮನೇಲಿ ಹಾಗಲಕಾಯಿ ಗೊಜ್ಜು ಹಾಕ್ಲಾ ಅಂದ್ರೆ ‘ಇರ್ಲಿ ಬಿಡಿ’ ಅಂತೀವಲ್ಲಪ್ಪ, ಹಂಗೆ.” ಹುಡುಗ ಕೂತ. ಅಂಕ ಹೋಯಿತು. ನಾನು ಅರ್ಧ ಗಂಟೆ ಮಾಡಬೇಕಿದ್ದ ಪಾಠವೂ ಮುಗಿಯಿತು.

ಬರಹದ ಹಾಳೆಗಳಲ್ಲಿ ಬಹುಪಾಲು ‘ವತಶಿ ವಾ ಸುಶಿ ಗಾ ಸುಕಿ ದೆಸು’, ನನಗೆ ಸುಶಿ ಇಷ್ಟ ಅಂತ. ಇವರಲ್ಲಿ ಸುಶಿ ಬಾಯಿಗಿಟ್ಟವರು ಯಾರೂ ಇಲ್ಲ, ನನಗೆ ಗೊತ್ತು. ವ್ಯಾಕರಣ ಸರಿ ಇದೆ, ಸುಳ್ಳಿಗೂ ಪೂರ್ತಿ ಅಂಕ ಕೊಡಲೇಬೇಕು. ಪುಸ್ತಕದಲ್ಲಿದ್ದದ್ದನ್ನು ನೋಡಿ ಇಳಿಸಿದವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಹೇಗೆ ತಿಳಿಯುವುದು?

ಮನೆಯ ಅಡುಗೆ ಬರೆದವರದ್ದೇ ಬೇರೆ. ಹೊರಗಿನ ಪದಗಳನ್ನು ಬರೆಯುವ ಜಪಾನೀಸ್ ಲಿಪಿ ಕಟಕಾನಾಕ್ಕೆ ತಿರುಗಿಸುವಾಗ ಎಲ್ಲ ಬಯಲಾಗುತ್ತದೆ. ಜಪಾನೀಸಿನಲ್ಲಿ ‘ಳ’ ಇಲ್ಲ, ‘ಲ’ವೂ ಇಲ್ಲ, ಇರುವುದೊಂದೇ ‘ರ’ ಸಾಲು. ಮಂಡ್ಯದ ಹುಡುಗನ ಕೋಳಿಸಾರಿನ ಕೋಳಿ ‘ಕೋರಿ’ ಆಗಿ ಕೂತಿತ್ತು. ಜಪಾನಿನವರಿಗೆ ಅದು ಮಂಜುಗಡ್ಡೆಯ ಸಾರು ಅಂತ ಕೇಳಿಸೀತು! ಆದರೆ ದೀರ್ಘದ ಗೆರೆಗಳನ್ನು ಒಂದೂ ಬಿಡದೆ ಎಳೆದಿದ್ದ. ಸಶಿಮಿಯಲ್ಲಿ ಹೋದ ಅಂಕ ಇಲ್ಲಿ ವಾಪಸ್ ಬಂತು.

ಇನ್ನೊಬ್ಬಳು ಉಪ್ಪಿಟ್ಟು ಬರೆದಿದ್ದಳು. ಪ್ಪ, ಟ್ಟದಂಥ ಒತ್ತಕ್ಷರ ಬಂದಲ್ಲಿ ಅದಕ್ಕೆ ಮೊದಲು ‘ತ್ಸು’ ಅಕ್ಷರವನ್ನು ಚಿಕ್ಕದಾಗಿ ಬರೆದಿಡಬೇಕು, ದೊಡ್ಡದಾದರೆ ‘ತ್ಸು’ ಅಂತಲೇ ಓದಿಸಿಕೊಳ್ಳುತ್ತದೆ. ಉಪ್ಪಿಟ್ಟಿಗೆ ಎರಡು ಬೇಕು. ಮೊದಲು ಎರಡನ್ನೂ ದೊಡ್ಡದಾಗಿ ಬರೆದು, ಓದಿಕೊಂಡು, ರಬ್ಬರಿನಿಂದ ಉಜ್ಜಿ ಪುಟ್ಟದು ಮಾಡಿದ್ದಳು. ಹಾಳೆ ಅಲ್ಲಿ ಹರಿಯುವಷ್ಟು ತೆಳ್ಳಗಾಗಿತ್ತು. ಕಿವಿ ಕೆಲಸ ಮಾಡಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನು ಮುಂದೆ ಈ ಪಾಠದ ಟೆಸ್ಟಿನಲ್ಲಿ ಸುಶಿಗೆ ಪ್ರವೇಶವಿಲ್ಲ, ಆ ವಾರ ತಿಂದದ್ದನ್ನೇ ಬರೆಯಬೇಕು ಅಂತ ಅಲ್ಲೇ ತೀರ್ಮಾನಿಸಿದೆ.

ಅವಳ ವಾಕ್ಯ ಮುಗಿದದ್ದು ಮಾತ್ರ ‘ಕಿರೈ ದೆಸು’, ಕಂಡರಾಗದು ಅಂತ. ಅದು ತೀರಾ ಒರಟು, ಯಾರದಾದರೂ ಮನೆಯಲ್ಲಿ ಹಾಗೆ ಅನ್ನಬೇಡ, ‘ಅಮಾರಿ ಸುಕಿ ಜಾ ನೈ’ ಅಂದರೆ ಸಾಕು ಅಂತ ತಿದ್ದಲು ಹೋದೆ.

“ಇಲ್ಲ ಮೇಡಂ,” ಅಂದಳು, “ಹಾಸ್ಟೆಲ್ ಉಪ್ಪಿಟ್ಟು. ಕಿರೈನೇ.”